‘ಚಲೋ ಐತ್ರಿ, ಮಾಡ್ರಿ’ ಅಂದ್ರೆ ಆರ್ಡರ್ ಅಲ್ಲ: ಎಂಜಿನಿಯರಿಂಗ್ ತರಗತಿಯಲ್ಲಿ ಉದ್ಯಮಶೀಲತೆ

ಸಿಇಟಿ ಫಲಿತಾಂಶ ಬಂದು ಸೀಟು ಹಂಚಿಕೆ ಶುರುವಾಯಿತೆಂದರೆ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ತಂದೆ-ತಾಯಿಗಳ ಓಡಾಟ. ಪ್ಲೇಸ್‌ಮೆಂಟ್ ಎಷ್ಟು, ಹಾಸ್ಟೆಲ್ ಊಟ ಹೆಂಗ ಎಂಬ ಪ್ರಶ್ನೆಗಳ ಜತೆ ಈಗ ಇನ್ನೊಂದು ಸೇರಿದೆ: “ಎಂಜಿನಿಯರಿಂಗ್ ಕಲಿಸ್ರಿ ಅಂತ ಹಚ್ಚಾಕ ಬಂದೀವಿ. ಇದೇನ್ರಿ, ವ್ಯಾಪಾರಾನೂ ಕಲಿಸ್ತೀರೇನು?”

ಪ್ರಶ್ನೆ ಸಹಜವೇ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೇ ‘ಇನ್ನೋವೇಷನ್ ಅಂಡ್ ಡಿಸೈನ್ ಥಿಂಕಿಂಗ್’ ಎಂಬ ವಿಷಯವಿದೆ. ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಸ್ಟಾರ್ಟಪ್ ಕಟ್ಟುವುದಕ್ಕೆ ಸಂಬಂಧಿಸಿದ ರಾಷ್ಟ್ರೀಯ ನೀತಿ 2019ರಲ್ಲಿ ಬಂತು. ಕಾಲೇಜು ಕಾಲೇಜಿಗೂ ಇನ್ನೋವೇಷನ್ ಕೌನ್ಸಿಲ್ ಬಂದಿದೆ, ಗೋಡೆಗೆ ಬಣ್ಣಬಣ್ಣದ ಚೀಟಿ ಅಂಟಿಸಿದ ಕೋಣೆ ಬಂದಿದೆ. ಆದರೆ ಆ ಕೋಣೆಯಲ್ಲಿ ಏನು ಕಲಿಸಬೇಕು ಎಂಬುದು ಮನೆಯವರಿಗಿರಲಿ, ಕೆಲವು ಕಡೆ ಕಲಿಸುವವರಿಗೂ ಸ್ಪಷ್ಟವಿಲ್ಲ.

ಅಡುಗೆ ಬಲ್ಲವರು, ಖಾನಾವಳಿ ನಡೆಸುವವರು

ರೊಟ್ಟಿ ಚೆನ್ನಾಗಿ ಬಡಿಯುವುದು ಒಂದು ವಿದ್ಯೆ. ಖಾನಾವಳಿ ನಡೆಸುವುದು ಬೇರೆಯದೇ ವಿದ್ಯೆ. ಖಾನಾವಳಿ ಅಕ್ಕನಿಗೆ ರೊಟ್ಟಿ ಬಡಿಯಲು ಬಂದರಷ್ಟೇ ಸಾಲದು. ಇವತ್ತು ಸಂತೆ ಇದೆಯೋ ಇಲ್ಲವೋ, ಅಮಾವಾಸ್ಯೆಗೆ ಎಷ್ಟು ಮಂದಿ ಊರಿಗೆ ಹೋಗುತ್ತಾರೆ, ಹನ್ನೊಂದು ಗಂಟೆಯೊಳಗೆ ಎಷ್ಟು ರೊಟ್ಟಿ ಆಗಬೇಕು, ಉಳಿದರೆ ಒಣಗಿಸಿ ಕಡಕ್ ಮಾಡಬಹುದೇ, ಬದನೆಕಾಯಿ ತುಟ್ಟಿಯಾದ ವಾರ ಎಣ್ಣೆಗಾಯಿ ಬದಲು ಏನು ಬಡಿಸಬೇಕು ಎಂದೆಲ್ಲ ಲೆಕ್ಕ ಹಾಕಬೇಕು. ಉಣ್ಣುವವರು ತಟ್ಟೆಯಲ್ಲಿ ಏನು ಬಿಟ್ಟು ಎದ್ದರು ಎಂಬುದನ್ನೂ ಆಕೆ ನೋಡಿರುತ್ತಾಳೆ.

ಉದ್ಯಮಶೀಲ ಮನೋಭಾವ ಎಂದರೆ ಈ ಎರಡನೆಯ ವಿದ್ಯೆ. ಇನ್ನೊಬ್ಬರ ತೊಂದರೆಯನ್ನು ಗುರುತಿಸುವುದು, ಅದು ನೀಗಿದರೆ ಅವರಿಗೆ ಎಷ್ಟು ರೂಪಾಯಿ ಅಥವಾ ಎಷ್ಟು ತಾಸು ಉಳಿಯುತ್ತದೆ ಎಂದು ಲೆಕ್ಕ ಹಾಕುವುದು, ಅದಕ್ಕಿಂತ ಕಡಿಮೆ ಖರ್ಚಿನ ದಾರಿಯನ್ನು ಸಣ್ಣ ಸಣ್ಣ ಪರೀಕ್ಷೆಗಳಿಂದ ಹುಡುಕುವುದು. ಕಂಪನಿ ತೆರೆಯುವುದು ಇದರ ಒಂದು ಫಲ ಇರಬಹುದು, ಇಲ್ಲದೆಯೂ ಇರಬಹುದು. ಅಮೆರಿಕದ ಎಂಜಿನಿಯರಿಂಗ್ ಕಾಲೇಜುಗಳ ‘ಕೀನ್’ ಎಂಬ ಜಾಲ ಇದನ್ನೇ ಮೂರು ಮಾತಿನಲ್ಲಿ ಹೇಳುತ್ತದೆ: ಕುತೂಹಲ, ಬಿಡಿ ಸಂಗತಿಗಳನ್ನು ಜೋಡಿಸುವ ಕಣ್ಣು, ಮೌಲ್ಯ ಸೃಷ್ಟಿ. ಸ್ಟಾರ್ಟಪ್ ಎಂಬ ಪದ ಆ ಮೂರರಲ್ಲಿ ಇಲ್ಲ.

ತಾಂತ್ರಿಕ ವಿದ್ಯಾರ್ಥಿಗೆ ಇದು ತಾನಾಗಿ ಯಾಕೆ ಬರುವುದಿಲ್ಲ? ಆತ ಬರೆದ ಪರೀಕ್ಷೆಗಳೆಲ್ಲ ಬೇರೆ ಜಾಯಮಾನದವು. ಪ್ರಶ್ನೆ ಪೂರ್ತಿ ಕೊಟ್ಟಿರುತ್ತದೆ, ಬೇಕಾದ ಅಂಕಿಗಳೂ ಕೊಟ್ಟಿರುತ್ತವೆ, ‘ಘರ್ಷಣೆ ಇಲ್ಲವೆಂದು ಭಾವಿಸಿ’ ಎಂದೂ ಬರೆದಿರುತ್ತದೆ. ಉತ್ತರ ಒಂದೇ. ಹೊರಗಿನ ಜಗತ್ತಿನಲ್ಲಿ ಪ್ರಶ್ನೆಯನ್ನೂ ತಾನೇ ಹುಡುಕಬೇಕು, ಘರ್ಷಣೆಯಂತೂ ಇದ್ದೇ ಇರುತ್ತದೆ. ಅದಕ್ಕೇ ಮಿನಿ ಪ್ರಾಜೆಕ್ಟ್ ಅಂದ ಕೂಡಲೇ ಕೈಗೆ ಸಿಕ್ಕ ಸೆನ್ಸರ್‌ನಿಂದ ಶುರು ಮಾಡುತ್ತಾರೆ. ಸ್ಮಾರ್ಟ್ ಕಸದ ಬುಟ್ಟಿ ಆಗುತ್ತದೆ, ಮುಚ್ಚಳ ತಾನಾಗಿ ತೆರೆಯುತ್ತದೆ. ಮುಚ್ಚಳ ತೆರೆಯುವುದು ಯಾರಿಗೆ ಕಷ್ಟವಾಗಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಬ್ಯಾಡಗಿಯ ಕಾಯಿ, ಹುಬ್ಬಳ್ಳಿಯ ಸೆನ್ಸರ್

ಒಂದು ಉದಾಹರಣೆಯನ್ನು ಕೊನೆಯತನಕ ಹಿಡಿದು ನೋಡೋಣ. ಎಲೆಕ್ಟ್ರಾನಿಕ್ಸ್ ವಿಭಾಗದ ಐವರ ತಂಡ ಒಣ ಮೆಣಸಿನಕಾಯಿಯ ತೇವ ಅಳೆಯುವ ಮೀಟರ್ ಮಾಡುತ್ತೇವೆ ಎನ್ನುತ್ತದೆ ಎಂದುಕೊಳ್ಳಿ. ವಿಷಯ ಒಳ್ಳೆಯದೇ. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆ ಮೆಣಸಿನಕಾಯಿಗೆ ದೇಶದಲ್ಲೇ ಹೆಸರಾದದ್ದು, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಹೆಚ್ಚು. ಬೆಲೆ ನಿಲ್ಲುವುದು ಬಣ್ಣದ ಮೇಲೆ. ಕಾಯಿಯನ್ನು ಸುಮಾರು ಶೇ 10ರ ತೇವದವರೆಗೆ ಒಣಗಿಸಬೇಕು. ಹೆಚ್ಚು ಹಸಿ ಉಳಿದರೆ ಬೂಸ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ. ಅತಿಯಾಗಿ ಒಣಗಿದರೆ ಮುಟ್ಟಿದಲ್ಲೆಲ್ಲ ಮುರಿದು ಬೀಜ ಉದುರುತ್ತದೆ, ತೂಕವೂ ಹೋಗುತ್ತದೆ.

ಮೀಟರ್ ಕೆಲಸ ಮಾಡುವ ತತ್ತ್ವ ಸರಳ. ಎರಡು ಲೋಹದ ಫಲಕಗಳ ನಡುವೆ ಕಾಯಿ ತುಂಬಿ ವಿದ್ಯುತ್ ಧಾರಕತೆ, ಅಂದರೆ ಆ ಫಲಕಗಳು ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ, ಅಳೆಯುತ್ತಾರೆ. ಈ ಅಳತೆಯಲ್ಲಿ ಗಾಳಿಯ ಪ್ರಭಾವ 1 ಎಂದು ಹಿಡಿದರೆ ನೀರಿನದು ಸುಮಾರು 80, ಒಣಗಿದ ಸಸ್ಯಭಾಗದ್ದು ಒಂದಂಕಿಯೊಳಗೇ. ಹಾಗಾಗಿ ಸ್ವಲ್ಪ ನೀರು ಹೆಚ್ಚಾದರೂ ಅಂಕಿ ಏರುತ್ತದೆ.

ಪ್ರಯೋಗಾಲಯದಲ್ಲಿ ಇದು ಎರಡು ವಾರದಲ್ಲಿ ಓಡುತ್ತದೆ. ಎಡವುವುದು ಮುಂದೆ. ಇಡೀ ಕಾಯಿಯನ್ನು ಬಟ್ಟಲಿಗೆ ಹಾಕಿದರೆ ನಡುವೆ ಗಾಳಿಯೇ ಹೆಚ್ಚು. ಸಡಿಲ ತುಂಬಿದರೆ ಒಂದು ಅಂಕಿ, ಒತ್ತಿ ತುಂಬಿದರೆ ಇನ್ನೊಂದು. ಸುಕ್ಕುಗಟ್ಟಿದ ಕಡ್ಡಿ ಕಾಯಿಗೂ ದಪ್ಪ ಡಬ್ಬಿ ಕಾಯಿಗೂ ತುಂಬಿಕೊಳ್ಳುವ ರೀತಿ ಬೇರೆ. ಪ್ರತಿ ಸಲ ತೂಗಿದ 100 ಗ್ರಾಂ ಕಾಯಿಯನ್ನು ಪುಡಿಮಾಡಿ ಒಂದೇ ಒತ್ತಡದಲ್ಲಿ ತುಂಬಬೇಕು, ಉಷ್ಣತೆಯನ್ನೂ ಅಳೆದು ತಿದ್ದಬೇಕು. ಹೋಲಿಸಿ ನೋಡಲು ಓವನ್‌ನಲ್ಲಿ ಒಣಗಿಸಿ ತೂಗಿದರೆ ನೀರಿನ ಜತೆ ಕಾಯಿಯ ಆವಿಯಾಗುವ ಎಣ್ಣೆಯೂ ಹೋಗಿ, ಲೆಕ್ಕ ತುಸು ಹೆಚ್ಚು ಬರುತ್ತದೆ. ಮಸಾಲೆ ಪದಾರ್ಥಗಳಿಗೆ ಟೊಲುವೀನ್ ಎಂಬ ದ್ರಾವಕದ ಜತೆ ಕುದಿಸಿ ನೀರನ್ನು ಬೇರ್ಪಡಿಸುವ ಪದ್ಧತಿ ಇರುವುದು ಅದಕ್ಕೇ. ಇಷ್ಟೂ ತಾಂತ್ರಿಕ ತೊಡಕು; ಒಳ್ಳೆಯ ವಿದ್ಯಾರ್ಥಿಗಳು ಇದನ್ನು ದಾಟುತ್ತಾರೆ. ದಾಟಿದ ಮೇಲೆ, ‘ಎಲ್ಲ ರೈತರೂ ಕೊಳ್ಳುತ್ತಾರೆ’ ಎಂದು ಸ್ಲೈಡ್‌ನಲ್ಲಿ ಬರೆಯುತ್ತಾರೆ. ಉದ್ಯಮಶೀಲತೆಯ ಪಾಠ ಶುರುವಾಗಬೇಕಾದದ್ದು ಆ ಸ್ಲೈಡ್‌ನಿಂದ.

ರೈತನ ಕಡೆಯಿಂದ ಒಂದು ಲೆಕ್ಕ

ಶೇ 15 ತೇವವಿರುವ 100 ಕಿಲೋ ಕಾಯಿಯಲ್ಲಿ ಒಣ ಪದಾರ್ಥ 85 ಕಿಲೋ. ಅದನ್ನೇ ಶೇ 10ಕ್ಕೆ ಇಳಿಸಿದರೆ ಒಟ್ಟು ತೂಕ 94.4 ಕಿಲೋ ಆಗುತ್ತದೆ. ಅಂದರೆ ಐದೂವರೆ ಕಿಲೋಗೂ ಹೆಚ್ಚು ಮಾಲು ಗಾಳಿಗೆ ಹೋಯಿತು. ಕ್ವಿಂಟಲ್‌ಗೆ 20,000 ರೂಪಾಯಿ ದರವೆಂದು ಹಿಡಿಯಿರಿ. ಒಣಗಿಸಿದ ರೈತನಿಗೆ ನಷ್ಟವಾಗಬಾರದೆಂದರೆ ಒಣ ಕಾಯಿಗೆ ಸುಮಾರು 21,180 ರೂಪಾಯಿ ಸಿಗಬೇಕು. ಖರೀದಿದಾರರು ತೇವದ ಅಂಕಿ ನೋಡಿ ದರ ಬರೆದರೆ ಅದು ಸಿಕ್ಕೀತು. ಅವರು ಕಾಯಿಯನ್ನು ಅಂಗೈಯಲ್ಲಿ ಒತ್ತಿ, ಕಿವಿಯ ಹತ್ತಿರ ಅಲುಗಿಸಿ ಬೀಜದ ಸಪ್ಪಳ ಕೇಳಿ, ಬಣ್ಣ ನೋಡಿ ದರ ಬರೆಯುತ್ತಿದ್ದರೆ, ರೈತನ ಕೈಯ ಮೀಟರ್ ತೋರಿಸುವ 10ಕ್ಕೂ 13ಕ್ಕೂ ಒಂದು ಪೈಸೆ ವ್ಯತ್ಯಾಸವಿಲ್ಲ.

ಮೀಟರ್ ನಿಖರವಾಗಿದ್ದೂ ರೈತ ಅದನ್ನು ಕೊಳ್ಳದಿರಲು ಇಷ್ಟು ಕಾರಣ ಸಾಕು. ಇದು ಯಾವ ಸರ್ಕ್ಯೂಟ್‌ನಲ್ಲೂ ಕಾಣುವುದಿಲ್ಲ, ಒಂದು ಹಾಳೆಯ ಅಂಕಗಣಿತದಲ್ಲಿ ಕಾಣುತ್ತದೆ.

ಏನು ಕೇಳಬೇಕು, ಏನು ಕೇಳಬಾರದು

ತಂಡವನ್ನು ಮಾರುಕಟ್ಟೆಗೆ ಕಳಿಸುವ ಮೊದಲು ಒಂದು ನಿಯಮ ಹೇಳಬೇಕು: ಮೀಟರ್ ತೆಗೆದುಕೊಂಡು ಹೋಗಬೇಡಿ, ಅದರ ಹೆಸರನ್ನೂ ಎತ್ತಬೇಡಿ. “ಯಜಮಾನ್ರ, ಹಿಂಗೊಂದು ಮಷಿನ್ ಮಾಡಿದ್ರ ತಗೋತೀರೇನ್ರಿ?” ಎಂದು ಕೇಳಿದರೆ ಬರುವ ಉತ್ತರ ಗೊತ್ತೇ ಇದೆ: “ಚಲೋ ಐತ್ರಿ ತಮ್ಮಾ, ಮಾಡ್ರಿ.” ಓದುವ ಹುಡುಗರ ಮನಸ್ಸು ಮುರಿಯಬಾರದೆಂಬ ಒಳ್ಳೆಯತನ ಅದು. ತಂಡ ಅದನ್ನು ‘ಮಾರುಕಟ್ಟೆ ಸಮೀಕ್ಷೆ: ಶೇ 90 ಮಂದಿ ಒಪ್ಪಿದ್ದಾರೆ’ ಎಂದು ಬರೆದುಕೊಂಡು ಬರುತ್ತದೆ.

ಕೇಳಬೇಕಾದದ್ದು ನಡೆದುಹೋದ ಸಂಗತಿಯನ್ನು. “ಹ್ವಾದ ವರ್ಷ ಕಾಯಿ ಮಾರಿದಾಗ ಏನಾತ್ರಿ?” “ರೇಟ್ ಕಡಿಮಿ ಬಿದ್ದದ್ದು ಯಾಕಂತ ಅಂದ್ರು?” “ಆಮ್ಯಾಲ ನೀವೇನ ಮಾಡಿದ್ರಿ?” ಮುಂದೆ ಏನು ಮಾಡುತ್ತೇನೆಂದು ಮನುಷ್ಯ ಸುಲಭವಾಗಿ ಹೇಳಿಬಿಡುತ್ತಾನೆ. ಹಿಂದೆ ಏನು ಮಾಡಿದೆ, ಎಷ್ಟು ಖರ್ಚು ಮಾಡಿದೆ ಎಂಬಲ್ಲಿ ಸುಳ್ಳು ಕಡಿಮೆ. ಈಗಾಗಲೇ ಆ ತೊಂದರೆಗೆ ದುಡ್ಡೋ ಹೊತ್ತೋ ಸುರಿಯುತ್ತಿದ್ದರೆ ತೊಂದರೆ ನಿಜ. ಏನೂ ಮಾಡದೆ ಸುಮ್ಮನಿದ್ದರೆ, ಅದು ಅವರಿಗೆ ತೊಂದರೆಯೇ ಅಲ್ಲದಿರಬಹುದು.

ಒಂದು ತಂಡ 15ರಿಂದ 20 ಮಂದಿಯನ್ನು ಮಾತಾಡಿಸಬೇಕು, ಒಂದೇ ಬಗೆಯವರನ್ನಲ್ಲ: ರೈತರು, ದಲಾಲಿ ಅಂಗಡಿಯವರು, ಖರೀದಿದಾರರು, ಕೋಲ್ಡ್ ಸ್ಟೋರೇಜ್ ನಡೆಸುವವರು, ಹಮಾಲರು. ಹಮಾಲರನ್ನು ಬಿಡುವುದು ಸಾಮಾನ್ಯ ತಪ್ಪು. ಯಾವ ಚೀಲ ಎಲ್ಲಿ ಹಸಿ ಇದೆ ಎಂಬುದು ಬೆನ್ನ ಮೇಲೆ ಹೊತ್ತವರಿಗೆ ಮೊದಲು ಗೊತ್ತಾಗುತ್ತದೆ. ಇಬ್ಬರೇ ಹೋಗಬೇಕು, ಒಬ್ಬರು ಮಾತಾಡಲು, ಒಬ್ಬರು ಬರೆಯಲು. ಐವರು ಸುತ್ತುವರಿದು ನಿಂತರೆ ಸರ್ಕಾರದ ತನಿಖೆಯೋ ಏನೋ ಎಂದು ಜನ ಬಾಯಿ ಬಿಡುವುದಿಲ್ಲ. ಕೇಳಿದ ಮಾತನ್ನು ಕೇಳಿದ ಹಾಗೇ ಅವತ್ತು ಸಂಜೆಯೊಳಗೆ ಬರೆದಿಡಬೇಕು. ಮರುದಿನ ಬರೆದರೆ ಅದರಲ್ಲಿ ತಂಡದ ಆಸೆಯೂ ಬೆರೆತಿರುತ್ತದೆ.

ಬಳಸುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು

ಹೀಗೆ ತಿರುಗಿದರೆ ಚಿತ್ರ ಬದಲಾಗುತ್ತದೆ. ರೈತನಿಗೆ ತೇವ ಅಳೆಯುವ ಅಗತ್ಯ ಬೀಳುವುದು ವರ್ಷದಲ್ಲಿ ಕೆಲವೇ ದಿನ. ಕೋಲ್ಡ್ ಸ್ಟೋರೇಜ್‌ನವರಿಗೆ ಸುಗ್ಗಿಯಲ್ಲಿ ದಿನವೂ ಲೋಡ್ ಇಳಿಯುತ್ತದೆ. ಹಸಿ ಚೀಲ ಒಳಗೆ ಸೇರಿ ಕೆಟ್ಟರೆ ಮಾತು ಕೇಳಬೇಕಾದವರೂ ಅವರೇ. ಮೀಟರ್ ಹಿಡಿಯುವುದು ಅಲ್ಲಿನ ಕೆಲಸಗಾರ, ದುಡ್ಡು ಕೊಡುವುದು ಮಾಲೀಕ, ಫಲಿತಾಂಶ ತಟ್ಟುವುದು ಚೀಲದ ಒಡೆಯನಿಗೆ. ಮೂವರಿಗೂ ಬೇಕಾದದ್ದು ಬೇರೆ ಬೇರೆ. ಕೆಲಸಗಾರನಿಗೆ ಅರ್ಧ ನಿಮಿಷದಲ್ಲಿ ಮುಗಿಯಬೇಕು, ಮಾಲೀಕನಿಗೆ ದಾಖಲೆ ಬೇಕು, ಚೀಲದ ಒಡೆಯನಿಗೆ ಅಂಕಿಯ ಮೇಲೆ ನಂಬಿಕೆ ಬೇಕು.

ರೈತರನ್ನು ಬಿಟ್ಟೇಬಿಡಬೇಕೆಂದೂ ಇಲ್ಲ. ಒಬ್ಬನಿಗೆ ಹೊರೆಯಾದದ್ದು ಸಂಘಕ್ಕೆ ಹೊರೆಯಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ನೆನೆಯಬಹುದು. ಅಲ್ಲಿ ಹೊಸ ಯಂತ್ರವೇನೂ ಇರಲಿಲ್ಲ. ಒಬ್ಬೊಬ್ಬರಿಗೆ ಆಗದ್ದನ್ನು ಒಟ್ಟಾಗಿ ಆಗಿಸುವ ವ್ಯವಸ್ಥೆಯೇ ಹೊಸದು. ಎಂಜಿನಿಯರಿಂಗ್ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಅವರ ಕಣ್ಣಿಗೆ ವಸ್ತುವಷ್ಟೇ ಆವಿಷ್ಕಾರ. ರೈತ ಉತ್ಪಾದಕ ಕಂಪನಿಯೊಂದು ನಾಲ್ಕು ಹಳ್ಳಿಗೆ ಒಂದು ಮೀಟರ್ ಇಟ್ಟು, ಒಣಗಿದ ಕಾಯಿಯನ್ನು ಒಟ್ಟಾಗಿ ಮಾರಿ ಮೇಲಿನ ದರ ಕೇಳಿದರೆ, ಆ 21,180ರ ಲೆಕ್ಕ ಕೂಡಿಬಂದೀತು.

ಸಾಧನ ಮಾಡುವ ಮೊದಲೇ ಪರೀಕ್ಷೆ

ಇಲ್ಲಿ ಕಲಿಸಬೇಕಾದ ಮುಖ್ಯ ಪಟ್ಟು ಒಂದಿದೆ: ಯಂತ್ರ ಮಾಡದೆ, ಯಂತ್ರ ಕೊಡಬೇಕಾದ ಫಲಿತಾಂಶವನ್ನು ಕೈಯಿಂದಲೇ ಕೊಟ್ಟು ನೋಡುವುದು. ಒಂದು ಕೋಲ್ಡ್ ಸ್ಟೋರೇಜ್‌ನಿಂದ 20 ಚೀಲಗಳ ಮಾದರಿ ತನ್ನಿ. ತಂದ ಕೂಡಲೇ ಗಾಳಿಯಾಡದ ಪೊಟ್ಟಣದಲ್ಲಿ ಮುಚ್ಚಿ, ಚೀಲದ ಸಂಖ್ಯೆ ಮತ್ತು ಹೊತ್ತು ಬರೆಯಿರಿ. ತೆರೆದ ಚೀಲದಲ್ಲಿ ತಂದರೆ ಬ್ಯಾಡಗಿಯಿಂದ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ತೇವ ಬದಲಾಗಿರುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ಅಳೆದು ಮರುದಿನ ಬೆಳಿಗ್ಗೆ ಮಾಲೀಕರ ವಾಟ್ಸಾಪ್‌ಗೆ ಕಳಿಸಿ. ಮೊದಲ ವಾರ ಪುಕ್ಕಟೆ. ಎರಡನೆಯ ವಾರ ಮಾದರಿಗೆ 50 ರೂಪಾಯಿ ಕೇಳಿ.

ಮೂರನೆಯ ವಾರ ಅವರೇ ಫೋನ್ ಮಾಡಿ “ಇವತ್ತ ಯಾರೂ ಬರಲಿಲ್ಲಲ್ರಿ?” ಅಂದರೆ ಬೇಡಿಕೆ ಇದೆ. ಪುಕ್ಕಟೆ ಇದ್ದಾಗ ‘ಬೆಸ್ಟ್’ ಎಂದವರು 50 ರೂಪಾಯಿ ಕೇಳಿದ ಕೂಡಲೇ ಸುಮ್ಮನಾದರೆ, ತಂಡ ಒಂದು ಸೆಮಿಸ್ಟರ್‌ನ ಶ್ರಮ ಉಳಿಸಿಕೊಂಡಂತೆ. ಈ ಪರೀಕ್ಷೆಗೆ ತಗಲುವುದು ಬಸ್ ಚಾರ್ಜು, ಪೊಟ್ಟಣ, ಲ್ಯಾಬ್‌ನ ಸಾಮಗ್ರಿ.

1,900 ರೂಪಾಯಿಯ ಮೀಟರ್ 5,900ಕ್ಕೆ ಯಾಕೆ?

‘ನಮ್ಮದು ಬರೇ 1,900ದಾಗ ಆಗತೈತಿ’ ಎಂದು ತಂಡ ಹೇಳುವುದು ಬಿಡಿಭಾಗಗಳ ಬೆಲೆ ಮಾತ್ರ. ಮಾದರಿ ಲೆಕ್ಕವೊಂದನ್ನು ಹಾಕೋಣ. ಅಂಕಿಗಳು ಊಹೆಯವು, ದಾರಿ ಮಾತ್ರ ಇದೇ.

ಗಿರಾಕಿ ಕೊಡುವುದು 5,900. ಶೇ 18 ಜಿಎಸ್‌ಟಿ ಅಂದರೆ ಅದರಲ್ಲಿ 900 ಸರ್ಕಾರಕ್ಕೆ, ಉಳಿದದ್ದು 5,000. ಅಂಗಡಿಯವರ ಪಾಲು ಶೇ 15 ಅಂದರೆ 750. ತಂಡದ ಕೈಗೆ 4,250. ಬಿಡಿಭಾಗ 1,900, ಜೋಡಣೆ ಮತ್ತು ಒಂದೊಂದನ್ನೂ ತಾಳೆ ನೋಡುವ ಕೂಲಿ 450, ಡಬ್ಬಿ-ಸಾಗಾಟ 200, ವಾರಂಟಿಯಲ್ಲಿ ತಿರುಗಿ ಬರುವುದಕ್ಕೆಂದು ತೆಗೆದಿಡುವುದು 200. ಒಟ್ಟು 2,750. ಒಂದು ಮೀಟರ್‌ಗೆ ಉಳಿಯುವುದು 1,500. ಹೊರಕವಚದ ಅಚ್ಚು, ಪರೀಕ್ಷಾ ಸಾಮಗ್ರಿ, ಓಡಾಟ ಸೇರಿ ಮೊದಲೇ 1,80,000 ಖರ್ಚಾಗಿದ್ದರೆ, ಬಂಡವಾಳ ವಾಪಸ್ ಬರಲು 120 ಮೀಟರ್ ಮಾರಬೇಕು.

ಆ 120 ಮಂದಿ ಯಾರು, ಹೆಸರು ಬರೆಯಿರಿ ಎಂದು ಕೇಳಿ. ಒಂದು ಊರಿನ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಅಷ್ಟು ಗಿರಾಕಿ ಇಲ್ಲ. ಆಗ ತಂಡ ತಾನಾಗಿ ಬೇರೆ ದಾರಿ ಯೋಚಿಸುತ್ತದೆ: ಮೀಟರ್ ಮಾರುವುದೋ, ಮಾದರಿಗಿಷ್ಟು ಎಂದು ಸೇವೆ ಕೊಡುವುದೋ, ಅದೇ ಸಾಧನ ಶೇಂಗಾಕ್ಕೂ ಗೋವಿನಜೋಳಕ್ಕೂ ಹೊಂದುತ್ತದೆಯೋ?

ಎರಡು ಗುಂಡಿಗಳನ್ನು ಮೊದಲೇ ತೋರಿಸಿಡಬೇಕು. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ನಿಜ. ಆದರೆ ತೆರಿಗೆ ಬಿಟ್ಟು ಬೆಲೆ ಕಟ್ಟಿದವರು ಮಹಾರಾಷ್ಟ್ರಕ್ಕೆ ಒಂದು ಮೀಟರ್ ಕಳಿಸಿದರೂ ನೋಂದಣಿ ಮಾಡಿಸಬೇಕಾಗುತ್ತದೆ, ಬೆಲೆ ಒಮ್ಮೆಲೇ ಏರಿಸಬೇಕಾಗುತ್ತದೆ. ಇನ್ನೊಂದು, ಅಂಕಿ ನೋಡಿ ವ್ಯಾಪಾರದ ದರ ನಿಲ್ಲುವುದಾದರೆ ಅಳತೆ ಸಾಧನಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿಯಮ ಅಡ್ಡ ಬರುತ್ತದೆ, ಅಂಗಡಿಯ ತಕ್ಕಡಿಗೆ ಮುದ್ರೆ ಹಾಕಿಸುವ ಹಾಗೆಯೇ. ಮೊದಲ ತಿಂಗಳೇ ಆ ಕಚೇರಿಗೆ ಹೋಗಿ ಕೇಳಿಬರುವುದು ಕೊನೆಯ ತಿಂಗಳು ಕೇಳುವುದಕ್ಕಿಂತ ಅಗ್ಗ.

ಎಷ್ಟು ಕಳೆದರೆ ನಡೆಯುತ್ತದೆ?

ಮನೆಯವರ ಅಂಜಿಕೆ ಇರುವುದು ಇಲ್ಲಿ. ಉದ್ಯಮಿ ಎಂದರೆ ಇದ್ದದ್ದೆಲ್ಲ ಒಡ್ಡಿ ಧುಮುಕುವವನು ಎಂಬ ಕಲ್ಪನೆ ಇದೆ. ಅನುಭವಿ ಉದ್ಯಮಿಗಳು ಹೇಗೆ ಯೋಚಿಸುತ್ತಾರೆಂದು ಅಧ್ಯಯನ ಮಾಡಿದ, ಭಾರತ ಮೂಲದ ಸಾರಸ್ ಸರಸ್ವತಿ 2001ರಲ್ಲಿ ಪ್ರಕಟಿಸಿದ ವಿಚಾರ ಇದಕ್ಕೆ ತದ್ವಿರುದ್ಧ. ಅಂಥ ಉದ್ಯಮಿಗಳು ಎಷ್ಟು ಲಾಭ ಬಂದೀತು ಎಂಬುದರಿಂದ ಶುರು ಮಾಡುವುದಿಲ್ಲ. ತಮ್ಮ ಕೈಯಲ್ಲೇನಿದೆ, ಯಾರ ಪರಿಚಯವಿದೆ, ಹೋದರೂ ಪರವಾಗಿಲ್ಲ ಅನ್ನುವಷ್ಟು ಎಷ್ಟಿದೆ ಎಂಬುದರಿಂದ ಶುರು ಮಾಡುತ್ತಾರೆ.

ತರಗತಿಯಲ್ಲಿ ಇದನ್ನು ನೇರವಾಗಿ ಬಳಸಬಹುದು. ತಂಡಕ್ಕೆ ಮೊದಲೇ ಮಿತಿ ಹಾಕಿ: 5,000 ರೂಪಾಯಿ, ಆರು ಶನಿವಾರ. ಕೈಯಲ್ಲೇನಿದೆ ಎಂಬ ಪಟ್ಟಿ ಈ ಭಾಗದ ಹುಡುಗರದು ಅವರೆಣಿಸಿದ್ದಕ್ಕಿಂತ ಉದ್ದ. ಒಬ್ಬನ ಮಾವನ ದಲಾಲಿ ಅಂಗಡಿ, ಒಬ್ಬಳ ಊರಿನ ರೈತ ಸಂಘ, ಗೋಕುಲ ರಸ್ತೆ-ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಇಟ್ಟಿರುವ ಪರಿಚಯದವರು, ಬೆಳೆಯ ಪ್ರಶ್ನೆಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಮುಂದಿನ ಹಂತಕ್ಕೆ ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್‌ನಂಥ ಇನ್‌ಕ್ಯುಬೇಷನ್ ಕೇಂದ್ರ. ಇನ್‌ಕ್ಯುಬೇಷನ್ ಅಂದರೆ ಸಸಿಮಡಿ ಇದ್ದ ಹಾಗೆ: ಜಾಗ, ಯಂತ್ರ, ಸಲಹೆ ಕೊಟ್ಟು, ಬೇರು ಬಿಟ್ಟ ಮೇಲೆ ಹೊಲಕ್ಕೆ ಕಳಿಸುತ್ತಾರೆ.

ಅಂಕ ಕೊಡುವಲ್ಲಿ ಕೆಡುವುದು

ಇಷ್ಟೆಲ್ಲ ಮಾಡಿಸಿ ಕೊನೆಗೆ ಹೊಳೆಯುವ ಮಾಡೆಲ್‌ಗೆ ಅಂಕ ಕೊಟ್ಟರೆ ಮುಂದಿನ ಬ್ಯಾಚ್ ಬ್ಯಾಡಗಿಗೆ ಹೋಗುವುದಿಲ್ಲ, ರೆಡಿಮೇಡ್ ಪ್ರಾಜೆಕ್ಟ್ ಅಂಗಡಿಗೆ ಹೋಗುತ್ತದೆ. ನೂರು ಅಂಕದಲ್ಲಿ 30 ಕ್ಷೇತ್ರ ಟಿಪ್ಪಣಿಗೆ, 25 ‘ಯಾವ ನಂಬಿಕೆ ತಪ್ಪಾಯಿತು, ಹೇಗೆ ಗೊತ್ತಾಯಿತು’ ಎಂಬುದಕ್ಕೆ, 20 ಖರ್ಚಿನ ಹಾಳೆಗೆ, 15 ಮಾಡಿದ ಸಾಧನಕ್ಕೆ, 10 ಮಂಡನೆಗೆ ಇಟ್ಟರೆ ಹುಡುಗರ ಹೊತ್ತು ಎಲ್ಲಿ ಹೋಗುತ್ತದೆಂಬುದು ತಾನಾಗಿ ಬದಲಾಗುತ್ತದೆ. ‘ಇದಕ್ಕೆ ಗಿರಾಕಿ ಇಲ್ಲ’ ಎಂದು ಸಾಬೀತು ಮಾಡಿದ ತಂಡಕ್ಕೆ ಪೂರ್ತಿ ಅಂಕ ಸಿಗುವ ಹಾಗಿರಬೇಕು. 40 ಪುಟದ ಬಿಸಿನೆಸ್ ಪ್ಲಾನ್ ಬೇಡವೇ ಬೇಡ. ಅದರಲ್ಲಿನ ಮಾರುಕಟ್ಟೆ ಅಂಕಿಗಳು ಹೆಚ್ಚಾಗಿ ಅಂತರ್ಜಾಲದಿಂದ ಎತ್ತಿದವು.

ಅಧ್ಯಾಪಕರ ಹೊತ್ತಿನ ಲೆಕ್ಕವೂ ಇದೆ. 60 ಮಂದಿಯ ತರಗತಿಯಲ್ಲಿ ಐವರ ತಂಡಗಳು 12. ವಾರಕ್ಕೊಮ್ಮೆ ತಂಡಕ್ಕೆ 10 ನಿಮಿಷ ಅಂದರೆ ಎರಡು ತಾಸು. ಆ ಹತ್ತು ನಿಮಿಷದಲ್ಲಿ ಕೇಳಬೇಕಾದದ್ದು ಮೂರೇ: ಈ ವಾರ ಯಾರನ್ನು ಕಂಡಿರಿ, ಏನು ತಪ್ಪೆಂದು ಗೊತ್ತಾಯಿತು, ಮುಂದಿನ ವಾರ ಏನನ್ನು ಪರೀಕ್ಷಿಸುತ್ತೀರಿ. ಪರಿಹಾರವನ್ನು ಅಧ್ಯಾಪಕರೇ ಹೇಳಿಕೊಟ್ಟರೆ ಅದು ಮತ್ತೆ ಹಳೆಯ ಪ್ರಶ್ನೆಪತ್ರಿಕೆಯೇ.

ಕಂಪನಿ, ಪೇಟೆಂಟ್

ಇವೆರಡರಲ್ಲೂ ಅವಸರ ಹೆಚ್ಚು. ಪ್ರೈವೇಟ್ ಲಿಮಿಟೆಡ್ ಮಾಡಿಸಿದರೆ ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಪ್ರತಿವರ್ಷ ಲೆಕ್ಕಪರಿಶೋಧನೆ, ವಾರ್ಷಿಕ ದಾಖಲೆ ಸಲ್ಲಿಕೆ ತಪ್ಪದು. ಪದವಿ ಮುಗಿದು ಐವರು ಐದು ಊರಿಗೆ ಹೋದ ಮೇಲೆ ಅದನ್ನು ಮುಚ್ಚುವುದೇ ಒಂದು ಕೆಲಸ. ದುಡ್ಡು ಕೊಡುವ ಗಿರಾಕಿ ಸಿಗುವ ತನಕ ಕಾಯುವುದು ಲೇಸು.

ಪೇಟೆಂಟ್ ಕಥೆ ಉಲ್ಟಾ: ಅಲ್ಲಿ ತಡವಾದರೆ ಕೆಡುತ್ತದೆ. ಹೊಸ ತಂತ್ರವನ್ನು ಪ್ರದರ್ಶನದಲ್ಲಿ ಬಿಚ್ಚಿ ತೋರಿಸಿ, ಯೂಟ್ಯೂಬ್‌ಗೆ ಹಾಕಿದ ಮೇಲೆ ಅರ್ಜಿ ಹಾಕಿದರೆ ‘ಹೊಸದು’ ಎಂಬ ಷರತ್ತೇ ಬಿದ್ದುಹೋಗಬಹುದು. ಮೊದಲು ತಾತ್ಕಾಲಿಕ ಅರ್ಜಿ, ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಬೇಕು. ಸಿಕ್ಕರೆ ಅವಧಿ 20 ವರ್ಷ. ತೇವ ಅಳೆಯುವ ತತ್ತ್ವ ಹಳೆಯದು, ಅದಕ್ಕೆ ಪೇಟೆಂಟ್ ಸಿಗದು. ಕಾಯಿಯನ್ನು ಒಂದೇ ಒತ್ತಡದಲ್ಲಿ ತುಂಬುವ ಹೊಸ ಜೋಡಣೆಯೇನಾದರೂ ತಂಡ ಕಂಡುಹಿಡಿದಿದ್ದರೆ ಅದನ್ನು ಕೇಳಿ ನೋಡಬಹುದು.

ಸೆಮಿಸ್ಟರ್ ಮತ್ತು ಸುಗ್ಗಿ

ಕೊನೆಯದಾಗಿ ವೇಳಾಪಟ್ಟಿ, ಒಳ್ಳೆಯ ಯೋಜನೆಗಳು ಮುಗ್ಗರಿಸುವುದು ಇಲ್ಲೇ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಕಾಯಿಯ ರಾಶಿ ಸುರಿಯುವುದು ಸಂಕ್ರಾಂತಿಯ ಆಸುಪಾಸಿನಿಂದ ಬೇಸಿಗೆಯವರೆಗೆ. ಸೆಪ್ಟೆಂಬರ್‌ನಲ್ಲಿ ಪ್ರಾಜೆಕ್ಟ್ ಹಂಚಿಕೊಂಡ ತಂಡಕ್ಕೆ ಹೊಲದಲ್ಲಿ ಸಿಗುವುದು ಹಸಿರು ಗಿಡ. ಆ ಸೆಮಿಸ್ಟರ್‌ನಲ್ಲಿ ಕೋಲ್ಡ್ ಸ್ಟೋರೇಜ್‌ನ ಹಳೆಯ ದಾಸ್ತಾನಿನ ಮೇಲೆ ಮೀಟರ್ ತಾಳೆ ನೋಡಿಟ್ಟುಕೊಳ್ಳಬಹುದು. ಬೆಲೆ ಕೇಳುವ ಪರೀಕ್ಷೆ ಮಾತ್ರ ಜನವರಿಗೆ ಇರಲಿ. ಹೋಗುವ ದಿನ ಟೆಂಡರ್ (ಖರೀದಿದಾರರು ದರ ಸಲ್ಲಿಸುವ ವ್ಯವಸ್ಥೆ) ಇದೆಯೋ ಇಲ್ಲವೋ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಂಡು, ಬೆಳಿಗ್ಗೆ ಬೇಗ ಮುಟ್ಟಬೇಕು. ದರ ಬರೆಯುವ ಹೊತ್ತಿನಲ್ಲಿ ವ್ಯಾಪಾರಿಗಳು ಯಾರೊಡನೆಯೂ ಮಾತಾಡುವುದಿಲ್ಲ. ದರ ಸಲ್ಲಿಸಿಯಾದ ಮೇಲೆ, ಚಹಾ ಬಂದಾಗ, ಹತ್ತು ನಿಮಿಷ ಸಿಗುತ್ತದೆ. ಮೂಗಿಗೆ ಕಟ್ಟಿಕೊಳ್ಳಲು ಒಂದು ವಸ್ತ್ರ ಜತೆಗಿರಲಿ. ಆ ಘಾಟಿಗೆ ಹೊಸಬರಿಗೆ ಸೀನು ನಿಲ್ಲುವುದಿಲ್ಲ.